ಐಟಿ ಬಿಟ್ಟು ನರ್ಸಿಂಗ್‌ಗೆ, ಅಲ್ಲಿಂದ ನರ್ಸ್ ಪ್ರಾಕ್ಟೀಷನರ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವೈಟ್‌ಫೀಲ್ಡ್‌ನಲ್ಲಿದ್ದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಬಿ.ಎಸ್ಸಿ. ನರ್ಸಿಂಗ್ ಸೇರಿದಾಗ ನನಗೆ 29 ವರ್ಷ. ಈಗ ಐಸಿಯುನಲ್ಲಿ ನರ್ಸ್ ಪ್ರಾಕ್ಟೀಷನರ್, ಅಂದರೆ ಹೆಚ್ಚಿನ ಓದು ಓದಿ, ವೈದ್ಯರ ತಂಡದಲ್ಲಿ ರೋಗಿಯ ತಪಾಸಣೆ, ಚಿಕಿತ್ಸೆಯ ತೀರ್ಮಾನದಲ್ಲೂ ಪಾಲುಗೊಳ್ಳುವ ನರ್ಸ್. ಹಳೇ ಆಫೀಸಿನವರು, ಗೆಳತಿಯರ ತಂಗಿಯರು, ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಸಿಕ್ಕವರು, ಎಲ್ಲರೂ ಕೇಳೋದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನೈಟ್ ಡ್ಯೂಟಿ ಮುಗಿಸಿ ಬಂದು ಫೋನಿನಲ್ಲಿ ಮುಕ್ಕಾಲು ಗಂಟೆ ವಿವರಿಸುವ ಶಕ್ತಿ ನನಗಿಲ್ಲದ ಕಾರಣ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ಹತ್ತಿರ ಈಗಾಗಲೇ ಒಂದು ಡಿಗ್ರಿ ಇದೆ. ಒಂದೆರಡು ವರ್ಷದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಬಹುದಾ?

ಇಲ್ಲಿ ಆಗಲ್ಲ. ಇಂಟರ್ನೆಟ್‌ನಲ್ಲಿ ನೀವು ನೋಡಿರೋದು ಅಮೆರಿಕದ ವ್ಯವಸ್ಥೆ. ಅಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ 12ರಿಂದ 18 ತಿಂಗಳಲ್ಲಿ ಮುಗಿಯುವ ನರ್ಸಿಂಗ್ ಪದವಿ ಇದೆ, ನೇರವಾಗಿ ಸ್ನಾತಕೋತ್ತರಕ್ಕೇ ಸೇರಿಸಿಕೊಳ್ಳುವ ಕೋರ್ಸೂ ಇದೆ. ನಮ್ಮಲ್ಲಿ ಅಂಥ ಅಡ್ಡದಾರಿ ಯಾವುದೂ ಇಲ್ಲ. ನೀವು ಬಿ.ಇ. ಮಾಡಿರಿ, ಎಂ.ಎಸ್ಸಿ. ಬಯೋಟೆಕ್ನಾಲಜಿ ಮಾಡಿರಿ, ಬಿ.ಎಸ್ಸಿ. ನರ್ಸಿಂಗ್‌ನ ಮೊದಲ ಸೆಮಿಸ್ಟರ್‌ನಲ್ಲಿ ಪಿಯು ಮುಗಿಸಿ ಬಂದ ಹುಡುಗಿಯ ಪಕ್ಕದಲ್ಲೇ ಕೂರಬೇಕು. ನಾನೂ ಕೂತೆ. ಇಡೀ ಕ್ಲಾಸು ಮೊದಲ ದಿನದಿಂದಲೇ ನನ್ನನ್ನು "ಅಕ್ಕ" ಅಂತ ಕರೆಯಿತು. ಅಟೆಂಡೆನ್ಸ್ ಕೂಗುವಾಗ ನನ್ನ ಹೆಸರೇ ನನಗೆ ಹೊಸದಾಗಿ ಕೇಳಿಸುತ್ತಿತ್ತು.

ಹಾಗಾದರೆ ಒಟ್ಟು ಎಷ್ಟು ವರ್ಷ?

ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಅಂದರೆ 8 ಸೆಮಿಸ್ಟರ್. ಆಮೇಲೆ ಕನಿಷ್ಠ 1 ವರ್ಷ ಆಸ್ಪತ್ರೆ ಅನುಭವ. ಅದರ ಮೇಲೆ 2 ವರ್ಷದ ನರ್ಸ್ ಪ್ರಾಕ್ಟೀಷನರ್ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಕೋರ್ಸ್) ಅಥವಾ ಎಂ.ಎಸ್ಸಿ. ನರ್ಸಿಂಗ್. ಎಲ್ಲೂ ಎಡವದೆ, ಮಧ್ಯೆ ಮದುವೆ ಮಕ್ಕಳು ಅಂತ ನಿಲ್ಲಿಸದೆ ಹೋದರೂ 7 ವರ್ಷ. ನನಗೆ 9 ಹಿಡಿಯಿತು, ಮಧ್ಯೆ 3 ವರ್ಷ ಐಸಿಯುನಲ್ಲಿ ದುಡಿದೆ. ಆ 3 ವರ್ಷ ದಂಡವಾಯಿತು ಅಂತ ಒಂದು ದಿನವೂ ಅನ್ನಿಸಿಲ್ಲ.

ನರ್ಸ್ ಪ್ರಾಕ್ಟೀಷನರ್ ಅಂದರೆ ಏನು? ಅರ್ಧ ಡಾಕ್ಟರಾ?

ಅರ್ಧ ಡಾಕ್ಟರ್ ಅಲ್ಲ, ಪೂರ್ತಿ ನರ್ಸ್. 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಶುರು ಮಾಡಿದ ತರಬೇತಿಯಿಂದ ಈ ಹುದ್ದೆ ಹುಟ್ಟಿತು. ಅಲ್ಲೀಗ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸಿಂಗ್ ಎಂದರೆ ನಾಲ್ಕು ಕವಲು: ನರ್ಸ್ ಪ್ರಾಕ್ಟೀಷನರ್, ಒಂದು ವಿಭಾಗದಲ್ಲಿ ಪರಿಣತಿ ಪಡೆದ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ಅರಿವಳಿಕೆ ಕೊಡುವ ನರ್ಸ್, ಹೆರಿಗೆ ನೋಡಿಕೊಳ್ಳುವ ನರ್ಸ್ ಮಿಡ್‌ವೈಫ್. ನಮ್ಮಲ್ಲಿ ಸದ್ಯ ಗಟ್ಟಿಯಾಗಿ ಕಾಲೂರಿರುವುದು ಕ್ರಿಟಿಕಲ್ ಕೇರ್ (ಐಸಿಯು ರೋಗಿಗಳ ಆರೈಕೆ) ಮತ್ತು ಮಿಡ್‌ವೈಫರಿ.

ಮಾಮೂಲಿ ನರ್ಸಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದವರಿಗೆ ನಾನು ಒಂದು ರಾತ್ರಿಯ ಕಥೆ ಹೇಳುತ್ತೇನೆ. ಹೊಟ್ಟೆ ಆಪರೇಷನ್ ಆದ ರೋಗಿ, ತೂಕ 60 ಕೆ.ಜಿ. ಬಿಪಿ ಸರಿಯಿದೆ, ಮಾನಿಟರ್ ಒಂದು ಸಲವೂ ಕೂಗಿಲ್ಲ. ಯೂರಿನ್ ಬ್ಯಾಗಿನ ಅಳತೆ ಡಬ್ಬಿಯಲ್ಲಿ ಹತ್ತು ಗಂಟೆಗೆ 40 ಎಂಎಲ್, ಹನ್ನೊಂದಕ್ಕೆ 30, ಹನ್ನೆರಡಕ್ಕೆ 20, ಒಂದು ಗಂಟೆಗೆ 15. ಕೆ.ಜಿ.ಗೆ ಗಂಟೆಗೆ ಅರ್ಧ ಎಂಎಲ್ ಮೂತ್ರ ಬರಬೇಕು ಅನ್ನೋದು ಲೆಕ್ಕ, ಅಂದರೆ ಇವರಿಗೆ 30. ಚಾರ್ಟ್‌ನಲ್ಲಿ 15 ಅಂತ ನೀಟಾಗಿ ಬರೆದು ಮುಂದಿನ ಬೆಡ್‌ಗೆ ಹೋಗುವುದು ಒಂದು ಬಗೆ. ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ, ಹೊಟ್ಟೆ ಮುಟ್ಟಿ, ಕೈಬೆರಳು ತಣ್ಣಗಿದೆಯಾ ಅಂತ ಹಿಡಿದು, ನಾಡಿ 88ರಿಂದ 112ಕ್ಕೆ ಏರಿರೋದನ್ನ ಮೂತ್ರದ ಲೆಕ್ಕದ ಪಕ್ಕ ಇಟ್ಟು, "ಒಳಗೆ ರಕ್ತ ಹೋಗ್ತಿರಬಹುದು ಸರ್, ಈಗಲೇ ಬನ್ನಿ" ಅಂತ ಡ್ಯೂಟಿ ಡಾಕ್ಟರನ್ನು ಎಬ್ಬಿಸುವುದು ಇನ್ನೊಂದು ಬಗೆ. ಆ ರಾತ್ರಿ ನಾನಿನ್ನೂ ಸ್ಟಾಫ್ ನರ್ಸ್. ಎಬ್ಬಿಸಿದೆ, ಆದರೆ ಯಾಕೆ ಅಂತ ಸರಿಯಾಗಿ ಹೇಳೋಕೆ ಬರಲಿಲ್ಲ, ತಡವರಿಸಿದೆ. ಅದನ್ನು ಹೇಳೋಕೆ ಕಲಿಸಿದ್ದು ಮುಂದಿನ ಓದು.

ನಾನು ಪಿಯುನಲ್ಲಿ ಪಿಸಿಎಂಬಿ ಓದಿದ್ದೆ. ಯಾವ ದಾರಿ?

ನಿಮ್ಮದು ನೇರ ದಾರಿ. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಒಟ್ಟು ಶೇ 45 ಅಂಕ ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಸಾಕು. ಕರ್ನಾಟಕದಲ್ಲಿ ಈಗ ಸರ್ಕಾರಿ ಕೋಟಾದ ಸೀಟು ಸಿಇಟಿ ಮೂಲಕ, ಮಲ್ಲೇಶ್ವರಂ 18ನೇ ಕ್ರಾಸ್‌ನಲ್ಲಿರುವ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತದೆ. ಹೌದು, ಮತ್ತೆ ಸಿಇಟಿ. ಮೂವತ್ತರ ಹತ್ತಿರ ಬಂದು ಪ್ರಕಾಶಸಂಶ್ಲೇಷಣೆ ಓದೋದು ಮುಜುಗರ ಅನ್ನಿಸಿದರೆ, ಬಿಎಂಟಿಸಿ ವೋಲ್ವೊದಲ್ಲಿ ಕೂತು ಓದಿ. ಅಲ್ಲಿ ಯಾರೂ ನೋಡಲ್ಲ, ಎಲ್ಲರೂ ಮೊಬೈಲ್ ನೋಡ್ತಿರ್ತಾರೆ.

ನಾನು ಕಾಮರ್ಸ್. ನನ್ನ ಗತಿ?

ಬಾಗಿಲು ಮುಚ್ಚಿಲ್ಲ, ಸುತ್ತಿಕೊಂಡು ಬರಬೇಕು ಅಷ್ಟೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಅಂತ 3 ವರ್ಷದ ಡಿಪ್ಲೊಮಾ ಇದೆ. ಅದಕ್ಕೆ ಯಾವ ವಿಭಾಗದಲ್ಲಿ ಪಿಯು ಪಾಸಾದರೂ ಆಗುತ್ತದೆ, ಒಟ್ಟು ಶೇ 40 ಅಂಕ ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಪಿಸಿಎಂ ಓದಿ ಎಂಜಿನಿಯರ್ ಆದವರಿಗೂ ಇದೇ ದಾರಿ, ಯಾಕೆಂದರೆ ಅವರ ಹತ್ತಿರ ಬಯಾಲಜಿ ಇರೋದಿಲ್ಲ. ಎಂಜಿನಿಯರಿಂಗ್‌ನಲ್ಲಿ ಡಿಸ್ಟಿಂಕ್ಷನ್ ಬಂದಿದ್ದರೂ ಅದನ್ನು ಇಲ್ಲಿ ಯಾರೂ ಕೇಳಲ್ಲ, ಇದನ್ನು ಅರಗಿಸಿಕೊಳ್ಳೋಕೆ ಕೆಲವರಿಗೆ ತುಂಬಾ ಹೊತ್ತು ಬೇಕಾಗುತ್ತದೆ.

ಜಿಎನ್‌ಎಂ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಅದು ಬಿ.ಎಸ್ಸಿ.ಗೆ ಸಮ. ಅಲ್ಲಿಂದ ಎಂ.ಎಸ್ಸಿ.ಗೆ ಹೋಗುವಾಗ ಕೇಳುವ 1 ವರ್ಷದ ಅನುಭವ ಪೋಸ್ಟ್ ಬೇಸಿಕ್‌ಗೆ ಮುಂಚಿನದ್ದಾದರೂ ನಡೆಯುತ್ತದೆ, ಆಮೇಲಿನದ್ದಾದರೂ ನಡೆಯುತ್ತದೆ. 3, 2, 1, 2, ಕೂಡಿದರೆ 8 ವರ್ಷ. ಪಿಸಿಎಂಬಿಯವರಿಗಿಂತ ಒಂದೇ ವರ್ಷ ಜಾಸ್ತಿ. ಜೊತೆಗೆ 3 ವರ್ಷಕ್ಕೇ ಸಂಬಳ ಬರೋಕೆ ಶುರುವಾಗುತ್ತದೆ. ಮನೆ ನಡೆಸಬೇಕಾದವರಿಗೆ ನಾನು ಇದನ್ನೇ ಹೇಳೋದು.

ವಯಸ್ಸಿನ ಮಿತಿ ಇದೆಯಾ?

ಇದೆ, ಎಲ್ಲಕ್ಕಿಂತ ಮೊದಲು ನೋಡಬೇಕಾದ್ದೂ ಇದನ್ನೇ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಬಿ.ಎಸ್ಸಿ. ಮತ್ತು ಜಿಎನ್‌ಎಂ ಎರಡಕ್ಕೂ ಸೇರುವ ವರ್ಷದ ಡಿಸೆಂಬರ್ 31ಕ್ಕೆ ಕನಿಷ್ಠ 17 ವರ್ಷ ತುಂಬಿರಬೇಕು, ಗರಿಷ್ಠ 35. ಕೆಲಸದಲ್ಲಿರುವ ಎಎನ್‌ಎಂಗಳು (ಸಹಾಯಕ ನರ್ಸ್ ಮಿಡ್‌ವೈಫ್‌ಗಳು) ಜಿಎನ್‌ಎಂ ಸೇರುವುದಾದರೆ ಮಾತ್ರ ಈ ಗರಿಷ್ಠ ಮಿತಿ ಇಲ್ಲ. "ಅಪ್ರೈಸಲ್ ನೋಡಿಕೊಂಡು ಮುಂದಿನ ವರ್ಷ ಯೋಚಿಸ್ತೀನಿ" ಅಂತ 34ರಲ್ಲಿ ಹೇಳಿದವರು ನನಗೆ ಇಬ್ಬರು ಗೊತ್ತು. ಅವರಲ್ಲೊಬ್ಬರು ಈಗ ಆಸ್ಪತ್ರೆ ಆಡಳಿತದ ಕೋರ್ಸ್ ಮಾಡಿ ಚೆನ್ನಾಗೇ ಇದ್ದಾರೆ, ಆದರೆ ರೋಗಿಯ ಹತ್ತಿರ ಅಲ್ಲ.

2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಅಂಗೀಕರಿಸಿದೆ. 1947ರ ಕಾಯ್ದೆಯ ಕೌನ್ಸಿಲ್ ಜಾಗಕ್ಕೆ ಆಯೋಗ ಬರುವ ಏರ್ಪಾಡು ಅದು. ಹಾಗಾಗಿ ನನ್ನ ಮಾತಿಗಿಂತ ನೀವು ಸೇರುವ ವರ್ಷದ ಪ್ರವೇಶ ಪುಸ್ತಿಕೆಯನ್ನು ನಂಬಿ.

ಕೆಲಸ ಮಾಡಿಕೊಂಡೇ ಆನ್‌ಲೈನ್‌ನಲ್ಲಿ ಓದಬಹುದಾ?

ನೋಂದಾಯಿತ ನರ್ಸ್ ಆಗುವ ಮೂಲ ಕೋರ್ಸ್ ಆನ್‌ಲೈನ್‌ನಲ್ಲಿ ಇಲ್ಲ. ಕ್ಯಾಥೆಟರ್ ಹಾಕೋದನ್ನ ಝೂಮ್‌ನಲ್ಲಿ ಕಲಿತವರ ಕೈಗೆ ನೀವು ನಿಮ್ಮ ಅಪ್ಪನನ್ನು ಒಪ್ಪಿಸ್ತೀರಾ? "ಅಟೆಂಡೆನ್ಸ್ ನಾವು ನೋಡ್ಕೋತೀವಿ, ಪರೀಕ್ಷೆಗೆ ಬಂದರೆ ಸಾಕು" ಅನ್ನುವ ಏಜೆಂಟರು ಸಿಗುತ್ತಾರೆ, ಫೋನ್ ಇಟ್ಟುಬಿಡಿ.

ಬೆಂಗಳೂರಿನಲ್ಲಿ ಬೀದಿಗೊಂದು ನರ್ಸಿಂಗ್ ಕಾಲೇಜು. ಹೇಗೆ ಆರಿಸೋದು?

ಮೊದಲು ಕಾಗದ ನೋಡಿ. ಜಯನಗರ 4ನೇ ಟಿ ಬ್ಲಾಕ್‌ನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್, ಇಂಡಿಯನ್ ನರ್ಸಿಂಗ್ ಕೌನ್ಸಿಲ್, ಮೂರೂ ಕಡೆ ಕಾಲೇಜಿನ ಹೆಸರು ಇದೆಯಾ, ಈ ವರ್ಷಕ್ಕೆ ಇದೆಯಾ. ಹೊರ ರಾಜ್ಯ, ಹೊರ ದೇಶಕ್ಕೆ ಹೋಗುವ ಯೋಚನೆ ಇದ್ದರೆ ಮೂರನೆಯದನ್ನು ಬಿಡಲೇಬೇಡಿ.

ಕಾಗದ ಸರಿಯಿದ್ದರೆ ಆಸ್ಪತ್ರೆ ನೋಡಿ. ಕಾಲೇಜಿನ ಕಟ್ಟಡ, ಸ್ಕಿಲ್ ಲ್ಯಾಬಿನ ಬೊಂಬೆ, ಇವು ಆಮೇಲೆ. ಕ್ಲಿನಿಕಲ್ ಪೋಸ್ಟಿಂಗ್ ಎಲ್ಲಿ, ಅಲ್ಲಿ ಬೆಡ್ ಎಷ್ಟು, ಬೆಡ್ ಮೇಲೆ ರೋಗಿ ಇದ್ದಾರಾ? ಕೋಟೆ ಆವರಣದ ಸರ್ಕಾರಿ ನರ್ಸಿಂಗ್ ಕಾಲೇಜು, ಕೋರಮಂಗಲದ ಸೇಂಟ್ ಜಾನ್ಸ್, ನಿಮ್ಹಾನ್ಸ್, ಇಂಥ ಕಡೆ ಓದಿದವರು ಬೇರೆ ಥರ ಅಂತ ನಾವು ಇಂಟರ್‌ವ್ಯೂ ಮಾಡುವಾಗ ಗೊತ್ತಾಗಿಬಿಡುತ್ತದೆ, ಏಕೆಂದರೆ ಅವರು ಕೈಯಾರೆ ನೋಡಿದ ಕೇಸುಗಳನ್ನು ಹೇಳುತ್ತಾರೆ. 1900ರಲ್ಲಿ ಶುರುವಾದ ವಿಕ್ಟೋರಿಯಾ, ಅದರ ಮಗ್ಗುಲಲ್ಲೇ ವಾಣಿ ವಿಲಾಸ, ಅಲ್ಲಿಯ ಒಂದು ವಾರದ ಪೋಸ್ಟಿಂಗ್‌ನಲ್ಲಿ ಕಾಣುವಷ್ಟು ರೋಗ ಕೆಲವು ಕಾಲೇಜುಗಳವರು ವರ್ಷವಿಡೀ ಕಾಣಲ್ಲ.

ಇನ್ನೊಂದು ಮಾತು. ನಾನು ಸೇರಿದ ಕಾಲೇಜಿನವರು ಎಸ್‌ಎಸ್‌ಎಲ್‌ಸಿ, ಪಿಯು ಮೂಲ ಅಂಕಪಟ್ಟಿ "ವೆರಿಫಿಕೇಷನ್‌ಗೆ" ಅಂತ ತಗೊಂಡು ನಾಲ್ಕು ವರ್ಷ ಬೀರುವಿನಲ್ಲಿಟ್ಟುಕೊಂಡರು. ಆಮೇಲೆ ಮೊದಲ ಕೆಲಸದಲ್ಲಿ ಆಸ್ಪತ್ರೆಯವರು ಬಾಂಡ್ ಹೆಸರಲ್ಲಿ ಅದೇ ಆಟ ಆಡಿದರು. ಮೂಲ ದಾಖಲೆ ತೋರಿಸಿ, ನಕಲು ಕೊಡಿ, ಮೂಲ ವಾಪಸ್ ಬ್ಯಾಗಿಗೆ ಹಾಕಿ. ಇಟ್ಟುಕೊಳ್ಳಲೇಬೇಕು ಅಂದರೆ ಸಹಿ ಮಾಡಿದ ರಸೀದಿ, ಅದರಲ್ಲಿ ವಾಪಸ್ ಕೊಡುವ ತಾರೀಖು.

ಬಿ.ಎಸ್ಸಿ. ಆದ ಮೇಲೆ ಮುಂದೇನು?

ಮೊದಲು ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ. ಅದಿಲ್ಲದೆ ನೀವು ನರ್ಸ್ ಅಲ್ಲ. ಐದು ವರ್ಷಕ್ಕೊಮ್ಮೆ ನವೀಕರಣ ಇರುತ್ತದೆ, ಅದಕ್ಕೆ 150 ಗಂಟೆ ಮುಂದುವರಿದ ನರ್ಸಿಂಗ್ ಶಿಕ್ಷಣದ ಲೆಕ್ಕ ತೋರಿಸಬೇಕು, ಪ್ರಮಾಣಪತ್ರಗಳನ್ನು ಒಂದೇ ಫೈಲಿನಲ್ಲಿಡಿ.

ಮುಂದಿನ ಓದಿನಲ್ಲಿ ನಾನು ಮಾಡಿದ್ದು ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್, ಬಾಯಿಮಾತಲ್ಲಿ ಎನ್‌ಪಿಸಿಸಿ. 2 ವರ್ಷದ ರೆಸಿಡೆನ್ಸಿ. ಬಿ.ಎಸ್ಸಿ.ಯಲ್ಲಿ ಶೇ 55 ಅಂಕ, 1 ವರ್ಷದ ಅನುಭವ ಬೇಕು, ಅದು ಐಸಿಯು ಅನುಭವವಾದರೆ ಒಳ್ಳೆಯದು. ಇಲ್ಲಿ ಕ್ಲಾಸ್‌ರೂಮಿಗಿಂತ ಐಸಿಯುನಲ್ಲೇ ಹೆಚ್ಚು ಇರುತ್ತೀರಿ. ಮೂರು ಬೇರುಗಳು ಅಂತ ನಾವು ಕರೆಯುವ ವಿಷಯಗಳಿವೆ: ರೋಗ ದೇಹದೊಳಗೆ ಹೇಗೆ ನಡೆಯುತ್ತದೆ ಅನ್ನುವ ಪ್ಯಾಥೊಫಿಸಿಯಾಲಜಿ, ಔಷಧಶಾಸ್ತ್ರ, ದೈಹಿಕ ತಪಾಸಣೆ. ಮೂರೂ ಬಿ.ಎಸ್ಸಿ.ಯಲ್ಲಿ ಓದಿದ್ದೇ, ಆದರೆ ಅಲ್ಲಿ ಓದಿದ್ದು ಏನೂ ಅಲ್ಲ ಅಂತ ಮೊದಲ ತಿಂಗಳಲ್ಲೇ ತಿಳಿಯುತ್ತದೆ. ಒಬ್ಬ ವೈದ್ಯರು, ಒಬ್ಬ ಹಿರಿಯ ನರ್ಸ್ ಪ್ರಿಸೆಪ್ಟರ್, ಅಂದರೆ ಪಕ್ಕದಲ್ಲಿ ನಿಂತು ಕಲಿಸುವವರು, ಆಗಿರುತ್ತಾರೆ. ರೌಂಡ್ಸ್‌ನಲ್ಲಿ ರಕ್ತದ ಆಮ್ಲಜನಕ, ಆಮ್ಲೀಯತೆ ಎಷ್ಟಿದೆ ಅಂತ ಹೇಳುವ ಎಬಿಜಿ ರಿಪೋರ್ಟ್ ಕೈಗಿಟ್ಟು "ನೀವೇ ಹೇಳಿ ಸಿಸ್ಟರ್, ವೆಂಟಿಲೇಟರ್ ಏನು ಮಾಡೋಣ" ಅಂತ ಕೇಳುತ್ತಾರೆ. ಮೊದಲ ಸಲ ನನ್ನ ಬಾಯಿ ಒಣಗಿತ್ತು. ನಾನು ಓದಿದ್ದು ಹೊರ ರಾಜ್ಯದಲ್ಲಿ, 2018ರಿಂದ 2020. ಕೊನೆಯ ತಿಂಗಳುಗಳು ಕೋವಿಡ್ ವಾರ್ಡಿನಲ್ಲೇ ಮುಗಿದವು, ಅದರ ಬಗ್ಗೆ ಇಲ್ಲಿ ಬರೆಯಲ್ಲ.

ಹೆರಿಗೆಯ ಕಡೆ ಮನಸ್ಸಿದ್ದರೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ, 18 ತಿಂಗಳು. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ತಂದ ಮೇಲೆ ಇದಕ್ಕೆ ಜೀವ ಬಂತು. ತೊಡಕಿಲ್ಲದ ಹೆರಿಗೆಯನ್ನು ತಾವೇ ನಿಂತು ಮಾಡಿಸಿ, ತೊಡಕು ಕಂಡ ಕೂಡಲೇ ವೈದ್ಯರಿಗೆ ಒಪ್ಪಿಸುವ ಕೆಲಸ.

ಪಾಠ ಮಾಡುವ ಆಸೆಯವರಿಗೆ ಎಂ.ಎಸ್ಸಿ. ನರ್ಸಿಂಗ್. ಇಷ್ಟೆಲ್ಲ ಬೇಡ, ಒಂದು ವಿಷಯದಲ್ಲಿ ಕೈ ಪಳಗಿದರೆ ಸಾಕು ಅನ್ನುವವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ: ಕ್ಯಾನ್ಸರ್, ನವಜಾತ ಶಿಶು, ಆಪರೇಷನ್ ಥಿಯೇಟರ್, ತುರ್ತು ಚಿಕಿತ್ಸೆ, ಮನೋರೋಗ ಹೀಗೆ. ಮನೋರೋಗ ನರ್ಸಿಂಗ್ ಕಲಿಯೋಕೆ ಈ ಊರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ನಿಮ್ಹಾನ್ಸ್ ಇಲ್ಲೇ ಇದೆ. ಎಚ್‌ಆರ್, ಸಮಾಜಕಾರ್ಯದಿಂದ ಬಂದವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಜನರ ಮಾತು ತಾಳ್ಮೆಯಿಂದ ಕೇಳಿ ಅಭ್ಯಾಸ ಇರುವವರು ಇಲ್ಲಿ ಬೇಗ ಬೆಳೆಯುತ್ತಾರೆ.

ಎನ್‌ಪಿಸಿಸಿ ಮಾಡಿದರೆ ಸ್ವಂತ ಕ್ಲಿನಿಕ್ ತೆಗೆಯಬಹುದಾ? ಔಷಧಿ ಬರೆಯಬಹುದಾ?

ಅಮೆರಿಕದ ಹಲವು ರಾಜ್ಯಗಳಲ್ಲಿರುವಂಥ ಸ್ವತಂತ್ರ ಅಧಿಕಾರ ಇಲ್ಲಿಲ್ಲ. ನಾವು ಕೆಲಸ ಮಾಡುವುದು ಆಸ್ಪತ್ರೆಯೊಳಗೆ, ವೈದ್ಯರ ತಂಡದಲ್ಲಿ, ಮೊದಲೇ ಲಿಖಿತವಾಗಿ ಒಪ್ಪಿದ ಪ್ರೋಟೋಕಾಲ್ ಪ್ರಕಾರ. ಆ ಪ್ರೋಟೋಕಾಲ್ ಎಷ್ಟು ಬಿಡುತ್ತದೆ ಅನ್ನೋದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಒಂದು ಕಡೆ ನನ್ನನ್ನು ಎರಡು ವರ್ಷ ಓದು ಮುಗಿಸಿ ಬಂದ ಮೇಲೂ ಮಾಮೂಲಿ ಸ್ಟಾಫ್ ನರ್ಸ್ ರೋಸ್ಟರ್‌ಗೇ ಹಾಕಿದರು, ಆರು ತಿಂಗಳಿದ್ದು ಬಿಟ್ಟೆ. ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು "ನನ್ನ ಹುದ್ದೆಯ ಹೆಸರೇನು, ಕೆಲಸದ ವಿವರ ಬರೆದು ಕೊಡ್ತೀರಾ" ಅಂತ. ಕ್ಲಿನಿಕ್ ತೆಗೆಯುವ ಕನಸಿನಿಂದ ಈ ಕಡೆ ಬರುವುದಾದರೆ ಬರಬೇಡಿ.

ಸಂಬಳ?

ನನ್ನ ಮೊದಲ ನರ್ಸಿಂಗ್ ಸಂಬಳ ನಾಲ್ಕು ವರ್ಷ ಹಿಂದೆ ಬಿಟ್ಟ ಟೆಸ್ಟಿಂಗ್ ಕೆಲಸದ ಸಂಬಳದ ಮೂರನೇ ಒಂದು ಭಾಗ ಇತ್ತು. ಹೋಮ್ ಲೋನ್ ಇಎಂಐ ಇದ್ದವರು ಇದನ್ನು ಎರಡು ಸಲ ಓದಿ. ನಾನು ಬಿಡುವ ಮುಂಚೆ ಎರಡು ವರ್ಷ ಕೂಡಿಟ್ಟಿದ್ದೆ, ಮಲ್ಲೇಶ್ವರಂನ ಬಾಡಿಗೆ ಮನೆಯಿಂದ ಅಮ್ಮನ ಮನೆಗೆ, ಕೆಂಗೇರಿಗೆ ವಾಪಸ್ ಹೋದೆ.

ಹೊರದೇಶಕ್ಕೆ ಹೋಗೋಕೆ ಸುಲಭವಾಗುತ್ತಾ?

ನರ್ಸ್ ಆಗಿ ಹೋಗೋಕೆ ದಾರಿ ಇದೆ, ನರ್ಸ್ ಪ್ರಾಕ್ಟೀಷನರ್ ಆಗಿ ನೇರ ಹೋಗೋಕೆ ಇಲ್ಲ. ಅಮೆರಿಕಕ್ಕೆ ಎನ್‌ಕ್ಲೆಕ್ಸ್-ಆರ್‌ಎನ್ ಅನ್ನುವ ನರ್ಸ್ ಪರವಾನಗಿ ಪರೀಕ್ಷೆ ಬರೆಯಬೇಕು. ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಆದರೆ ಅಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಬೇಕಾದರೆ ಅಲ್ಲಿ ಮಾನ್ಯತೆ ಪಡೆದ ಸ್ನಾತಕೋತ್ತರ ಕೋರ್ಸ್ ಮಾಡಿ, ಅಲ್ಲಿಯ ಪ್ರಮಾಣೀಕರಣ ಪರೀಕ್ಷೆ ಪಾಸಾಗಬೇಕು. ಆಸ್ಟ್ರೇಲಿಯಾದಲ್ಲಿ ಕೋರ್ಸಿನ ಜೊತೆಗೆ ಹಿಂದಿನ ಆರು ವರ್ಷದೊಳಗೆ ಉನ್ನತ ಹಂತದ 5,000 ಗಂಟೆ ಕ್ಲಿನಿಕಲ್ ಕೆಲಸದ ದಾಖಲೆ ಕೇಳುತ್ತಾರೆ. ಬ್ರಿಟನ್‌ನಲ್ಲಿ ಬೇರೆ ವಿಷಯದ ಪದವೀಧರರಿಗೆ 2 ವರ್ಷದ ನರ್ಸಿಂಗ್ ಎಂ.ಎಸ್ಸಿ. ಇದೆ, ಕೈಯಲ್ಲಿ ದುಡ್ಡಿದ್ದರೆ ನಿಮ್ಮ ಹಳೇ ಡಿಗ್ರಿಗೆ ಬೆಲೆ ಸಿಗುವ ಒಂದು ದಾರಿ ಅದು.

ಗಂಡಸರು ಸೇರಬಹುದಾ?

ಧಾರಾಳವಾಗಿ. ವಾರ್ಡಿನಲ್ಲಿ "ಬ್ರದರ್" ಅಂತ ಕರೆಯುತ್ತಾರೆ, ಐಸಿಯುನಲ್ಲಿ ನಮ್ಮ ಕಡೆ ಅವರದೇ ದೊಡ್ಡ ಗುಂಪು.

ಪಾಠ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರಿಗೆ ಕಷ್ಟವಾ?

ಮೊದಲ ವರ್ಷ ಅಂಗರಚನಾಶಾಸ್ತ್ರದ ಹೆಸರುಗಳು ಎಲ್ಲರಿಗೂ ಕಷ್ಟ, ಅವು ಇಂಗ್ಲಿಷೂ ಅಲ್ಲ, ಲ್ಯಾಟಿನ್. ವಾರ್ಡಿಗೆ ಹೋದ ಮೇಲೆ ಆಟ ತಿರುಗುತ್ತದೆ. ನನ್ನ ಬ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರ ರಾಜ್ಯದವರು. ರಾಯಚೂರಿನಿಂದ ಬಂದ ಅಜ್ಜ "ದಮ್ಮು ಹತ್ತೈತ್ರಿ, ಎದಿ ಹಿಡದಂಗಾಗೇದ" ಅಂದಾಗ, ಕೋಲಾರದ ಅಮ್ಮ "ಮೈಯೆಲ್ಲ ಸಳಸಳ ಅಂತೈತೆ" ಅಂದಾಗ, ಅದು ಉಸಿರಾಟದ ತೊಂದರೆಯಾ, ಗಾಬರಿಯಾ, ಸೋಡಿಯಂ ಕಡಿಮೆಯಾಗಿದೆಯಾ ಅಂತ ಎಳೆ ಬಿಡಿಸೋಕೆ ಕನ್ನಡ ಬಲ್ಲವರೇ ಬೇಕು. ಪ್ರೊಫೆಸರೇ ನನ್ನನ್ನು ಪಕ್ಕದ ವಾರ್ಡಿಗೆ ಕರೆಸಿಕೊಂಡಿದ್ದುಂಟು.

ಮನೆಯವರನ್ನು ಒಪ್ಪಿಸೋದು ಹೇಗೆ?

ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. "ಇಷ್ಟು ಓದಿಸಿ, ಬೆಡ್‌ಪ್ಯಾನ್ ಎತ್ತೋಕಾ?" ಅಂತ ಅಪ್ಪ ಕೇಳಿದ್ದರು. ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅವರ ಸ್ನೇಹಿತರ ರಿಪೋರ್ಟ್ ತಂದು ಟೀಪಾಯ್ ಮೇಲಿಟ್ಟು, "ಕ್ರಿಯಾಟಿನಿನ್ ಅಂದ್ರೆ ಏನು ನೋಡು" ಅಂದರು. ಬೆಡ್‌ಪ್ಯಾನ್ ಮಾತ್ರ ನಿಜ. ಎತ್ತಬೇಕು, ಎತ್ತುವ ಮುಂಚೆ ಅದರೊಳಗೆ ನೋಡಲೂಬೇಕು. ಮಲ ಡಾಂಬರಿನಂತೆ ಕಪ್ಪಗಿದ್ದರೆ ಹೊಟ್ಟೆಯಲ್ಲಿ ರಕ್ತ ಹೋಗುತ್ತಿರಬಹುದು. ಅದನ್ನು ನೋಡದೆ ಚೆಲ್ಲಿದವರು ಯಾವ ಕೋರ್ಸ್ ಮಾಡಿದರೂ ಪ್ರಾಕ್ಟೀಷನರ್ ಆಗಲ್ಲ.

ನನಗೆ ಇದು ಹೊಂದುತ್ತಾ ಅಂತ ರಾಜೀನಾಮೆಗೆ ಮುಂಚೆ ತಿಳಿಯೋದು ಹೇಗೆ?

ಕಾಯಿಲೆ ಬಿದ್ದ ನೆಂಟರು ಯಾರಾದರೂ ಅಡ್ಮಿಟ್ ಆದರೆ ರಾತ್ರಿ ಅಟೆಂಡರ್ ಆಗಿ ನೀವೇ ಇರಿ. ಒಂದಲ್ಲ, ನಾಲ್ಕೈದು ರಾತ್ರಿ. ಮೂರು ಗಂಟೆಗೆ ಎದ್ದು ವಾರ್ಡಿನ ಸಿಸ್ಟರ್ ಏನು ಮಾಡುತ್ತಿದ್ದಾರೆ ನೋಡಿ. ನಿಮ್ಮ ಕಣ್ಣು ರೋಗಿಯ ಕಡೆ ಹೋಗುತ್ತದಾ, ಗಡಿಯಾರದ ಕಡೆ ಹೋಗುತ್ತದಾ ಅಂತಲೂ ನೋಡಿಕೊಳ್ಳಿ.

ಸರಿ, ನಾಳೆ ಬೆಳಿಗ್ಗೆ ಮೊದಲು ಏನು ಮಾಡಲಿ?

ಪಿಯು ಅಂಕಪಟ್ಟಿ ಹುಡುಕಿ. ಅಮ್ಮನ ಮನೆಯ ಟ್ರಂಕಿನಲ್ಲಿ, ಹಳೇ ಪ್ಲಾಸ್ಟಿಕ್ ಫೈಲಿನಲ್ಲಿ ಇರುತ್ತದೆ. ಭೌತ, ರಸಾಯನ, ಜೀವ, ಮೂರರ ಅಂಕ ಕೂಡಿ. 300ಕ್ಕೆ 135 (ಪರಿಶಿಷ್ಟ ಜಾತಿ, ಪಂಗಡದವರಿಗೆ 120) ಅಥವಾ ಹೆಚ್ಚು ಇದ್ದರೆ ಸಿಇಟಿ ಪುಸ್ತಕ ತನ್ನಿ. ಅಷ್ಟಿಲ್ಲದಿದ್ದರೆ, ಅಥವಾ ಅಲ್ಲಿ ಬಯಾಲಜಿಯೇ ಇಲ್ಲದಿದ್ದರೆ, ಎಲ್ಲ ವಿಷಯಗಳ ಒಟ್ಟು ಅಂಕ ಕೂಡಿ ಜಿಎನ್‌ಎಂನ ಶೇ 40 ಇದೆಯಾ ನೋಡಿ. ಆಮೇಲೆ ಜನ್ಮ ದಿನಾಂಕ ನೋಡಿ.